ಹೆಸರಿಡುವ ಚಪಲ

ಕಥೆಯ ಪಾತ್ರಗಳಿಗೆ ರೋಗನಿರ್ಣಯ ಮಾಡುವುದು ಕೆಲವು ಕಾಲ ನಮ್ಮ ಮನೆಯಲ್ಲಿ ಸಂಜೆಯ ವಿನೋದವಾಗಿದ್ದಿತು. ಮನಶ್ಶಾಸ್ತ್ರವನ್ನು ಓದುತ್ತಿರುವ ನನ್ನ ಮಗಳು ಇದನ್ನು ಆರಂಭಿಸಿದಳು. ದುರ್ಯೋಧನನಿಗೆ ಆತ್ಮರತಿ, ಒಥೆಲೊವಿಗೆ ಸಂಶಯವಿಕಾರ ಎಂದು ಒಬ್ಬೊಬ್ಬರ ಹಣೆಗೂ ಒಂದೊಂದು ಚೀಟಿಯನ್ನು ಅಂಟಿಸುವಳು. ನಾನೂ ಹಿಂದೆ ಬೀಳಲಿಲ್ಲ. ಔಷಧವನ್ನು ಕೊಡಬೇಕಾಗಿಲ್ಲದ ವೈದ್ಯವೃತ್ತಿಯು ಯಾರಿಗೆ ತಾನೇ ಹಿತವಲ್ಲ?

ಈ ಚಪಲವೇನೂ ಹೊಸದಲ್ಲ. 1900ರ ಮುದ್ರೆಯನ್ನು ಹೊತ್ತ ತನ್ನ ಸ್ವಪ್ನವಿಚಾರದ ಗ್ರಂಥದಲ್ಲಿಯೇ ಫ್ರಾಯ್ಡನು ಹ್ಯಾಮ್ಲೆಟ್ಟನ ನಾಡಿಯನ್ನು ಹಿಡಿದು ನೋಡಿದ್ದನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ವ್ಯಕ್ತಿತ್ವವಿಕಾರಗಳಿಗೆ ಪ್ರತ್ಯೇಕ ಸ್ಥಾನವನ್ನಿತ್ತು ಲಕ್ಷಣಗಳನ್ನು ಪಟ್ಟಿಮಾಡಿತು. ಆದರೆ ಶಾಸ್ತ್ರವು ನೋಡುವುದು ಒಂದು ದಿನದ ಕೋಪವನ್ನಲ್ಲ. ಯೌವನದಿಂದ ಮೊದಲ್ಗೊಂಡು, ನಾನಾ ಸಂದರ್ಭಗಳಲ್ಲಿ ಮಾರ್ಪಡದೆ ಉಳಿದು, ಬಾಳನ್ನು ಕೆಡಿಸುವ ನಡತೆಯನ್ನು. ಪಾತ್ರಕ್ಕಾದರೋ ಕವಿಯು ಬರೆದಷ್ಟೇ ಬಾಳು. ಇದನ್ನು ನಾವು ಮರೆತಿದ್ದೆವು.

ಒಂದು ರಾತ್ರಿ ಎಲ್ಲರೂ ಕುಳಿತು 'ಶರಪಂಜರ'ವನ್ನು ನೋಡಿದೆವು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು ತೆರೆಗೆ ತಂದ ಚಿತ್ರವದು. ಹೆರಿಗೆಯ ಅನಂತರ ಚಿತ್ತಭ್ರಮಣೆಗೊಳಗಾದ ಕಾವೇರಿಯು ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಮನೆಯವರ ಮನಸ್ಸು ಮಾತ್ರ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಕಲ್ಪನಾ ಅವರ ಅಭಿನಯವನ್ನು ನೋಡುತ್ತಲೇ ನಾನು ತೀರ್ಪನ್ನಿತ್ತೆನು: "ರೋಗ ವಾಸಿಯಾದರೇನು, ಸ್ವಭಾವ ಹೋದೀತೆ? ಇದು ವ್ಯಕ್ತಿತ್ವವಿಕಾರವೇ ಸರಿ."

ಹಿಂದೆ ಕುಳಿತಿದ್ದ ನನ್ನ ತಂಗಿ ಮೆಲ್ಲಗೆ ಕೇಳಿದಳು: "ಅಣ್ಣಯ್ಯ, ಅವಳು ಸಿಟ್ಟಾದದ್ದು ರೋಗದಿಂದಲೋ, ಸಿಟ್ಟಿಗೆ ಕಾರಣವಿದ್ದುದರಿಂದಲೋ?"

ನನಗೆ ಉತ್ತರ ತೋಚಲಿಲ್ಲ. ತಂಗಿಯೂ ಬಹಳ ವರ್ಷಗಳ ಹಿಂದೆ ಬಾಣಂತಿತನದಲ್ಲಿ ಹಾಗೆಯೇ ಕಾಹಿಲೆಬಿದ್ದು ಆರು ತಿಂಗಳಲ್ಲಿ ಗುಣವಾದವಳು. ಅಂದಿನಿಂದ ಅವಳು ಸಾರಿಗೆ ಉಪ್ಪನ್ನು ಹೆಚ್ಚಾಗಿ ಹಾಕಿದರೂ, ಒಂದು ದಿನ ಮಾತನಾಡದಿದ್ದರೂ, ತುಸು ಹೆಚ್ಚಾಗಿ ನಕ್ಕರೂ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ಅದು ಅವಳ ಕಣ್ಣಿಗೆ ಬೀಳದೆಂದು ನಂಬಿದ್ದೆವು! ಬಾಣಗಳ ಪಂಜರವನ್ನು ತೆರೆಯ ಮೇಲೆ ಕಂಡು ಮರುಗಿದ ನಾನು, ಮನೆಯಲ್ಲಿ ಒಂದೊಂದೇ ಬಾಣವನ್ನು ನೆಡುತ್ತಿದ್ದೆನು.

ಪಾತ್ರಗಳಿಗೆ ಹೆಸರಿಟ್ಟರೆ ಅವಕ್ಕೇನೂ ನೋವಾಗದು, ನಿಜ. ಆದರೆ ಅಲ್ಲಿ ಪಳಗಿದ ನಾಲಗೆ ಅಲ್ಲಿಯೇ ನಿಲ್ಲುವುದಿಲ್ಲ. ರೋಗದ ಹೆಸರು ವೈದ್ಯನಿಗೆ ಚಿಕಿತ್ಸೆಯ ಮೊದಲ ಮೆಟ್ಟಿಲು. ನಮಗೋ, ವಿಚಾರಣೆಯ ಮುಕ್ತಾಯ. ಹೆಸರು ದೊರೆತೊಡನೆ ಕಾರಣವನ್ನು ಕೇಳುವ ಶ್ರಮ ತಪ್ಪುತ್ತದೆ.

ಕೆಲವು ದಿನಗಳ ಮೇಲೆ ಅಡಿಗೆಯ ಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಸದ್ದುಮಾಡಿತು. ಮಗಳು ನನ್ನ ಮುಖವನ್ನು ನೋಡಿದಳು. ನಾನು ಅವಳ ಮುಖವನ್ನು ನೋಡದೆ ಎದ್ದುಹೋಗಿ, "ಏನಾಯಿತಮ್ಮ?" ಎಂದು ತಂಗಿಯನ್ನು ಕೇಳಿದೆನು.

ಕಾರಣವಿದ್ದಿತು.