ನಲವತ್ತು ದಿನದ ನೋಟಿಸ್ ಪೀರಿಯಡ್

ನಾನು ಮೊದಲ ಸಲ ಬೈಬಲ್ ಓದಿದ್ದು ಭಕ್ತಿಯಿಂದಲ್ಲ, ನಿದ್ದೆ ಬಾರದೆ. ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದೆ, ಜೆಟ್‌ಲ್ಯಾಗ್ ಬಿಟ್ಟಿರಲಿಲ್ಲ. ರಾತ್ರಿ ಮೂರು ಗಂಟೆಗೆ ಹೋಟೆಲ್ ರೂಮಿನ ಡ್ರಾಯರ್ ಎಳೆದರೆ ಅದೊಂದೇ ಪುಸ್ತಕ. ಎಲ್ಲೋ ಮಧ್ಯದಲ್ಲಿ ತೆರೆದೆ, ಆಮೋಸ ಸಿಕ್ಕಿದ.

ಈ ಆಮೋಸ ಕ್ರಿಸ್ತಪೂರ್ವ 8ನೇ ಶತಮಾನದವನು, ತೆಕೋವ ಅನ್ನೋ ಊರಿನ ಕುರಿಗಾಹಿ. ಪ್ರವಾದಿಗಳ ಮನೆತನದವನೂ ಅಲ್ಲ. ಅಂಥವನು ಉತ್ತರದ ಇಸ್ರೇಲ್ ರಾಜ್ಯಕ್ಕೆ ಹೋಗಿ ಅಲ್ಲಿನ ಉಳ್ಳವರನ್ನು ಜಾಡಿಸುತ್ತಾನೆ. ಅಳತೆಯ ಪಾತ್ರೆ ಚಿಕ್ಕದು ಮಾಡಿದಿರಿ, ತಕ್ಕಡಿಯಲ್ಲಿ ಮೋಸ ಮಾಡಿದಿರಿ, ಗೋಧಿ ಜೊತೆ ಕಸ ಮಾರಿದಿರಿ, ದೇವರಿಗೆ ನಿಮ್ಮ ಹಬ್ಬ-ಹಾಡು ಬೇಡ, ನ್ಯಾಯ ಬೇಕು ಅನ್ನೋದು ಅವನ ತಕರಾರು.

ತಕ್ಕಡಿ ಅಂದಿದ್ದೇ ತಡ, ಎದ್ದು ಕೂತೆ. ಅಪ್ಪ ಮೆಕ್ಕೆಜೋಳ ಹಾಕುತ್ತಿದ್ದದ್ದು ಒಬ್ಬ ದಲ್ಲಾಳಿಗೆ. ಮನೆಯಲ್ಲಿ ತೂಗಿ ಒಯ್ದ ಚೀಲ ಅವರ ತಕ್ಕಡಿಯಲ್ಲಿ ಮೂರು ಕೆಜಿ ಕಮ್ಮಿ. ಮೇಲೆ ತೇವ ಜಾಸ್ತಿ ಅಂತ ಇನ್ನೊಂದಿಷ್ಟು ಕಳೆಯೋರು. ಅಪ್ಪ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನೆ ಬರೋರು. ಪಿಯುಸಿಯಲ್ಲಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ, 'ಇವನ ಮನೆ ಹಾಳಾಗ' ಅಂತ ಮನಸ್ಸಲ್ಲೇ ಶಾಪ ಹಾಕಿದ್ದೆ.

ಹಾಗಾಗಿ ಆಮೋಸ ನನ್ನ ಹೀರೋ ಆಗಿಬಿಟ್ಟ. ತೊಂದರೆ ಕೊಟ್ಟವನು ಯೋನ.

ಯೋನನನ್ನು ಮೀನು ನುಂಗಿದ ಕಥೆ ಎಲ್ಲರಿಗೂ ಗೊತ್ತು. ಅಸಲಿ ಕಥೆ ಇರೋದು ಮೀನಿನಿಂದ ಹೊರಗೆ ಬಂದ ಮೇಲೆ. ಅವನು ಹೋಗಬೇಕಾಗಿದ್ದ ನಿನೆವೆ ಅಸ್ಸೀರಿಯದ ದೊಡ್ಡ ಪಟ್ಟಣ, ಈಗಿನ ಇರಾಕಿನ ಮೋಸುಲ್ ಹತ್ತಿರ. ಕ್ರಿ.ಪೂ. 722ರ ಸುಮಾರಿಗೆ ಇಸ್ರೇಲ್ ರಾಜ್ಯವನ್ನು ಅಳಿಸಿಹಾಕಿದ್ದು ಇದೇ ಅಸ್ಸೀರಿಯನ್ನರು. ಅಂಥ ಊರಲ್ಲಿ ನಿಂತು ಯೋನ, ಇನ್ನು ನಲವತ್ತು ದಿನ, ಆಮೇಲೆ ನೀವು ಮುಗಿದಿರಿ ಅಂತಾನೆ. ಜನ ನಿಜಕ್ಕೂ ಹೆದರಿ ತಿದ್ದಿಕೊಳ್ಳುತ್ತಾರೆ. ರಾಜನೇ ಬೂದಿಯಲ್ಲಿ ಕೂರುತ್ತಾನೆ. ದೇವರು ಶಿಕ್ಷೆ ಕೈಬಿಡುತ್ತಾನೆ.

ಯೋನನಿಗೆ ಕೆಂಡಾಮಂಡಲ ಸಿಟ್ಟು. ನೀನು ಕರುಣಾಳು ಅಂತ ಗೊತ್ತಿದ್ದೇ ನಾನು ಮೊದಲು ಓಡಿಹೋಗಿದ್ದು ಅಂತ ದೇವರಿಗೇ ದಬಾಯಿಸುತ್ತಾನೆ. ಪುಸ್ತಕ ಮುಗಿಯೋದು ದೇವರ ಪ್ರಶ್ನೆಯಿಂದ: ಬಲಗೈ ಯಾವುದು, ಎಡಗೈ ಯಾವುದು ಅಂತಲೂ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿನ ಬಗ್ಗೆ ನಾನು ಮರುಗಬಾರದಾ? ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ.

ಹೋದ ತಿಂಗಳು ಅಪ್ಪ ವಾಟ್ಸಾಪಿನಲ್ಲಿ ಒಂದು ರೆಸ್ಯೂಮೆ ಕಳಿಸಿದರು. ಆ ದಲ್ಲಾಳಿಯ ಮಗನದು. ಬಿಇ ಮುಗಿಸಿದಾನಂತೆ, ರೆಫರ್ ಮಾಡಬೇಕಂತೆ. ಫೋನಲ್ಲಿ ರೇಗಿದೆ. "ಅವರಪ್ಪ ನಿಮಗೆ ಎಷ್ಟು ಹೊಡೆದಿದಾನೆ ನೆನಪಿದೆಯಾ?" ಅಪ್ಪ, "ಆ ಹುಡುಗ ಆಗಿನ್ನೂ ಅಂಗನವಾಡಿಗೆ ಹೋಗ್ತಿತ್ತಲ್ಲೋ. ಅದಕ್ಕೇನು ಗೊತ್ತಿತ್ತು ತಕ್ಕಡಿ?" ಅಂದರು.

ಬಲಗೈ, ಎಡಗೈ. ಸುಮ್ಮನಾದೆ.

ಆಮೇಲೆ ಹೊಳೆದದ್ದು ಇಷ್ಟು. ಮುಗಿಸಲೇಬೇಕು ಅನ್ನೋನು ನಲವತ್ತು ದಿನದ ನೋಟಿಸ್ ಯಾಕೆ ಕೊಡ್ತಾನೆ? ಆ ಪ್ರವಾದಿಗಳ ಬೆದರಿಕೆಯಲ್ಲಿ ಮಾತು ನ್ಯಾಯದ್ದು, ಕೊಟ್ಟ ಟೈಮ್ ಕರುಣೆಯದ್ದು. ತಪ್ಪನ್ನು ತಪ್ಪು ಅಂತ ಮುಖಕ್ಕೆ ಹೇಳದೆ ಬರೀ ಕ್ಷಮಿಸಿದರೆ ಅದು ಕರುಣೆಯಲ್ಲ. ಎಚ್ಚರಿಸದೆ ಹಾಳಾಗಲಿ ಅಂತ ಕಾಯೋದು ನ್ಯಾಯವೂ ಅಲ್ಲ. ನಾನು ಹದಿನೆಂಟು ವರ್ಷ ಮಾಡಿದ್ದು ಎರಡನೆಯದು. ಆ ಮನುಷ್ಯನಿಗೆ ನಾನಾಗಲಿ ಅಪ್ಪನಾಗಲಿ ಒಂದು ದಿನವೂ "ನಿಮ್ಮ ತಕ್ಕಡಿ ಸರಿಯಿಲ್ಲ" ಅಂದಿಲ್ಲ.

ಹುಡುಗನನ್ನು ರೆಫರ್ ಮಾಡಿದೆ. ಇಂಟರ್‌ವ್ಯೂ ಅವನ ಹಣೆಬರಹ. ಯುಗಾದಿಗೆ ಊರಿಗೆ ಹೋಗ್ತಿದೀನಿ, ಅವರ ಅಂಗಡಿಗೂ ಹೋಗಬೇಕು, ಆ ಮೂರು ಕೆಜಿ ವಿಷಯ ಎತ್ತಬೇಕು. ಮಾತು ಹೇಗೆ ಶುರು ಮಾಡೋದು ಅಂತ ಮಾತ್ರ ಇನ್ನೂ ಗೊತ್ತಾಗ್ತಿಲ್ಲ.