ಕಾಗದನಗರದ ರಾತ್ರಿಯ ಪ್ರಶ್ನೆ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಭಾಗಿಸಿದರು. ಮನೆಯ ಮೂಲೆಯಲ್ಲಿ ಕುಳಿತು ಎರಡನ್ನೂ ಒಮ್ಮೆಗೇ ಉಣಬಡಿಸುವ ಯಂತ್ರವೊಂದು ಬಂದೀತೆಂದು ಅವರು ಎಣಿಸಿರಲಾರರು. ಆ ಯಂತ್ರವು ಗೃಹಸ್ಥರ ಸಾಯಂಕಾಲವನ್ನು ಅಪಹರಿಸಿತೆಂದು ದೂರುವವರು ಬಹಳ ಮಂದಿ. ಆ ದೂರಿನಲ್ಲಿ ನಿಜವೂ ಉಂಟು. ಆದರೆ ಅಪಹರಿಸಿದುದೇ ಒಮ್ಮೊಮ್ಮೆ ಕಳೆದುಹೋದುದನ್ನು ತಂದುಕೊಡುವುದೂ ಉಂಟೆಂಬುದಕ್ಕೆ ಭದ್ರಾವತಿಯ ಕಾಗದನಗರದ ಒಂದು ಸಂಸಾರವು ಸಾಕ್ಷಿ.

ಆ ಮನೆಯ ಯಜಮಾನರು 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರುಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಬಿದಿರೂ ನೀಲಗಿರಿಯೂ ಕಬ್ಬಿನ ಸಿಪ್ಪೆಯೂ ಬೆಂದು, ತೊಳೆದು, ಉರುಳೆಗಳ ನಡುವೆ ಹಿಂಡಿ ಒಣಗಿ, ಬೆಳ್ಳನೆಯ ಹಾಳೆಯಾಗಿ ಸುತ್ತಿಕೊಳ್ಳುವುದನ್ನು ಅವರು ಹಗಲು ಪಾಳಿಯಲ್ಲಿಯೂ ರಾತ್ರಿ ಪಾಳಿಯಲ್ಲಿಯೂ ಕಂಡವರು. ಗೃಹಿಣಿ ತೀರ್ಥಹಳ್ಳಿಯ ಕಡೆಯವರು. ನಾಲ್ಕನೆಯ ತರಗತಿಗೆ ಆಕೆಯ ಓದು ಮುಗಿದಿತ್ತು. ಆ ಮೇಲಿನದೆಲ್ಲವೂ ಒಲೆಯ ಪಾಠ, ತೊಟ್ಟಿಲ ಪಾಠ.

ದೂರದರ್ಶನವು ಆ ಮನೆಗೆ ಬಂದುದು ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ 1986ರಲ್ಲಿ ಪ್ರಸಾರವಾಗತೊಡಗಿದ ಕಾಲದಲ್ಲಿ. ಆರ್. ಕೆ. ನಾರಾಯಣ್ ಅವರ ಕಥೆಗಳು, ನುಡಿ ಹಿಂದಿ, ಆದರೆ ಚಿತ್ರೀಕರಣವು ಬಹುಮಟ್ಟಿಗೆ ಆಗುಂಬೆಯಲ್ಲಿ. ಗೃಹಿಣಿಗೆ ಹಿಂದಿಯ ಒಂದಕ್ಷರವೂ ಬಾರದು. ಆದರೂ ಆ ಹೆಂಚಿನ ಮಾಡುಗಳನ್ನೂ ಕಂಬದ ಜಗಲಿಯನ್ನೂ ಕಂಡು, “ಇದು ನಮ್ಮ ಕಡೆಯ ಮನೆ, ನಮ್ಮ ಕಡೆಯ ಮಳೆ” ಎಂದು ಸೆರಗಿನಿಂದ ಕಣ್ಣೊರಸಿಕೊಂಡರಂತೆ. ಮುಂದೆ ಕನ್ನಡದ ಧಾರಾವಾಹಿಗಳು ಬಂದುವು. ಟಿ. ಎನ್. ಸೀತಾರಾಮ್ ಅವರ ‘ಮುಕ್ತ’ದ ನ್ಯಾಯಾಲಯದ ವಾದಗಳೆಂದರೆ ಆಕೆಗೆ ಊಟವೂ ಬೇಡ.

ಯಜಮಾನರ ರುಚಿ ಬೇರೆ. ಚಂದನವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಅವರಿಗೆ ಸಂಧ್ಯಾವಂದನೆಯಂತೆ ತಪ್ಪಿಸಕೂಡದ ಕರ್ಮವಾಯಿತು. ವಾರದ ರಾತ್ರಿಗಳಲ್ಲಿ 9.30ಕ್ಕೆ ಡಾಕ್ಟರ್ ನಾ. ಸೋಮೇಶ್ವರ ಅವರು ಪ್ರಸನ್ನವದನರಾಗಿ ಪ್ರಶ್ನೆ ಕೇಳುವರು. ಸರಿಯಾದ ಉತ್ತರಕ್ಕೆ ಹಣವಲ್ಲ, ಕನ್ನಡ ಪುಸ್ತಕವೇ ಬಹುಮಾನ. ಯಜಮಾನರು ಸ್ಪರ್ಧಿಗಳಿಗಿಂತ ಮುಂಚೆ ಉತ್ತರ ಹೇಳಿ ತಲೆದೂಗುವರು. “ನಿನ್ನ ಧಾರಾವಾಹಿಯಿಂದ ಏನು ಬಂತು? ಇದು ವಿದ್ಯೆ” ಎಂದು ದಿನವೂ ಒಂದು ಚುಚ್ಚುಮಾತು. ಆಕೆ ಬತ್ತಿ ಹೊಸೆಯುತ್ತ ಸುಮ್ಮನಿರುವರು.

ಸುಮಾರು 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಒಂದೊಂದಾಗಿ ನೆರೆಮನೆಗಳಿಗೆ ಬೀಗ ಬಿತ್ತು. ಮಗನೂ ಸಂಸಾರಸಮೇತ ಬೆಂಗಳೂರಿಗೆ ಹೊರಟುಹೋದನು. ಪಾಳಿಯ ಸೈರನ್ ಕೇಳದ ಊರಿನಲ್ಲಿ ಆ ದಂಪತಿಗಳಿಗೆ ವೇಳೆಯನ್ನು ತಿಳಿಸತಕ್ಕುದು ದೂರದರ್ಶನವೊಂದೇ ಆಯಿತು.

ಅಂಥ ಒಂದು ರಾತ್ರಿ, ಅಜ್ಞಾತವಾಸದಲ್ಲಿ ನಕುಲನು ಯಾವ ಹೆಸರಿನಿಂದ ಇದ್ದನೆಂಬ ಪ್ರಶ್ನೆ ಬಂದಿತು. ಯಜಮಾನರು ಕಂಕನೆಂದರು, ವಲಲನೆಂದರು, ತಡವರಿಸಿದರು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. “ದಾಮಗ್ರಂಥಿ, ಸಹದೇವನು ತಂತ್ರಿಪಾಲ” ಎಂದು ಆಕೆ ಮೆಲ್ಲನೆ ನುಡಿದರು.

“ಇವಳೇ, ನಿನಗೆ ಇದು ಹೇಗೆ ತಿಳಿಯಿತು?”

“ನಮ್ಮ ತಂದೆಯವರ ಮನೆಯ ಜಗಲಿಯಲ್ಲಿ ಮಳೆಗಾಲವೆಲ್ಲ ಕುಮಾರವ್ಯಾಸನ ಭಾರತವನ್ನು ಓದಿಸುತ್ತಿದ್ದರು. ಬಾಗಿಲ ಹಿಂದೆ ಕುಳಿತು ಕೇಳಿದೆ. ಈ ಮನೆಗೆ ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ.” ಸ್ವಲ್ಪ ತಡೆದು, ನಗುತ್ತ, “ಸರಿಯಾದ ಉತ್ತರಕ್ಕೆ ಪುಸ್ತಕ ಕೊಡುತ್ತಾರಲ್ಲ, ನನ್ನದೆಲ್ಲಿ?” ಎಂದರು.

ಯಜಮಾನರಿಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ನಾಡಿನ ಮಕ್ಕಳ ಪಠ್ಯಕ್ಕೂ ವೃತ್ತಪತ್ರಿಕೆಗಳಿಗೂ ಕಾಗದ ಮಾಡಿದ ಕೈ ಅವರದು. ಆ ಕೈ ಹೆಂಡತಿಗೆಂದು ಸೀರೆ ತಂದಿತ್ತು, ಒಡವೆ ತಂದಿತ್ತು; ಒಂದು ಪುಸ್ತಕವನ್ನು ತಂದುದಿಲ್ಲ. ಬೆಳಗಾಗುತ್ತಲೆ ಬಸ್ಸು ಹತ್ತಿ ಶಿವಮೊಗ್ಗೆಗೆ ಹೋಗಿ, ಕರ್ಣಾಟ ಭಾರತ ಕಥಾಮಂಜರಿಯನ್ನು ಕೊಂಡು ತಂದು, ದೇವರ ಮುಂದಿಟ್ಟು, ಆಕೆಯ ಕೈಗೆ ಕೊಟ್ಟರು. ಆಕೆ ಕನ್ನಡಕವನ್ನು ಸರಿಪಡಿಸಿಕೊಂಡು ಅಕ್ಷರ ಅಕ್ಷರವಾಗಿ ಕೂಡಿಸಿ ಓದತೊಡಗಿದರು. ಎರಡು ಪದ್ಯ ಕಳೆಯುವಷ್ಟರಲ್ಲಿ ಕಣ್ಣಿಗಿಂತ ಕಿವಿಯ ನೆನಪೇ ಮುಂದೋಡಿತು. ದನಿ ತಾನಾಗಿ ರಾಗವನ್ನು ಹಿಡಿಯಿತು.

ಬಳಿಕ ದೂರದರ್ಶನವೇನೂ ಆ ಮನೆಯಿಂದ ಹೊರಹೋಗಲಿಲ್ಲ, ಧಾರಾವಾಹಿಯೂ ನಿಲ್ಲಲಿಲ್ಲ. ಊಟಕ್ಕೆ ಮುನ್ನ ಅರ್ಧ ಗಂಟೆ ಭಾರತ, 9.30ಕ್ಕೆ ಪ್ರಶ್ನೆಗಳು. ವ್ಯತ್ಯಾಸವಾದುದು ಇಷ್ಟೇ: ಪ್ರಶ್ನೆ ಮುಗಿದೊಡನೆ ಬಾಯಿ ತೆರೆಯುತ್ತಿದ್ದ ಯಜಮಾನರು, ಉತ್ತರ ತಮಗೆ ತಿಳಿದಿದ್ದರೂ, ಒಂದು ಗಳಿಗೆ ಹೆಂಡತಿಯ ಮುಖವನ್ನು ನೋಡಿ ಕಾಯುವುದನ್ನು ಕಲಿತರು.