ಬಾಗಿಲ ಕಾವಲು

ನೋಯ್ಡಾದಲ್ಲಿ ನಾವಿದ್ದ ಫ್ಲ್ಯಾಟಿನ ಮೇಲಿನ ಮನೆಯ ಬಾಗಿಲ ಚೌಕಟ್ಟಿಗೆ, ಬಲಗಡೆ, ಬೆರಳುದ್ದದ ಒಂದು ಲೋಹದ ಕೊಳವೆಯನ್ನು ಓರೆಯಾಗಿ ಜಡಿದಿದ್ದರು. ಅದನ್ನು ನಾನು ಕಾಲಿಂಗ್ ಬೆಲ್ ಅಂತ ತಿಳಿದು ಒಮ್ಮೆ ಒತ್ತಿಯೂ ನೋಡಿದೆ. ಬಾಗಿಲು ತೆರೆದ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವರು ಠಾಣೆ ಕಡೆಯವರು, ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಮಗನ ಮನೆಗೆ ಬಂದವರು. ಮನೆಮಾತು ಮರಾಠಿ, ಧರ್ಮ ಯೆಹೂದಿ. ಬೆನೆ ಇಸ್ರೇಲ್ ಪಂಗಡ. ಧಾರವಾಡದವನಾದ ನನಗೆ ಮರಾಠಿ ತಕ್ಕಮಟ್ಟಿಗೆ ಬರುತ್ತದೆ. ದಿಲ್ಲಿಯ ಹಿಂದಿಯಲ್ಲಿ ದಿನವಿಡೀ ಒದ್ದಾಡಿ ಬಂದ ಇಬ್ಬರಿಗೆ ಅಷ್ಟು ಸಾಲದೆ? ನಾನು ಕಾಕಾ ಅಂತಿದ್ದೆ, ಅವರು ನನಗೆ ‘ಅರೇ ಬಾಬಾ’ ಅಂತಿದ್ದರು.

ಆ ಕೊಳವೆಯ ಹೆಸರು ಮೆಝೂಝಾ. ಒಳಗೆ ಅವರ ಧರ್ಮಗ್ರಂಥದ ವಾಕ್ಯಗಳನ್ನು ಬರೆದ ಚರ್ಮದ ಸುರುಳಿ ಇರುತ್ತದಂತೆ. ಮೇಲಿರುವ ಒಂದು ಅಕ್ಷರ ದೇವರ ಹೆಸರಿನದು. ಇಸ್ರೇಲಿನ ಬಾಗಿಲುಗಳನ್ನು ಕಾಯುವವನು ಅಂತಲೂ ಅದಕ್ಕೆ ಅರ್ಥ ಹೇಳುತ್ತಾರೆ. ನಮ್ಮ ಗುಡಿಗಳ ದ್ವಾರಪಾಲಕರು ನೆನಪಾದರು. ಅದಕ್ಕಿಂತ ಹೆಚ್ಚಾಗಿ ನೆನಪಾದದ್ದು 1990ರ ದಶಕದಲ್ಲಿ ನಮ್ಮ ಕಡೆ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ಬಂದ ದೆವ್ವ ಓದಿಕೊಂಡು ವಾಪಸ್ ಹೋಗಬೇಕು. ಇದನ್ನು ಹೇಳಿದಾಗ ಕಾಕಾ ಗಂಭೀರರಾಗಿಬಿಟ್ಟರು. ‘ನಮ್ಮ ಕಥೆಯೂ ಅದೇ ಅಲ್ಲವೇನೋ ಬಾಬಾ’ ಅಂದರು.

ಕಥೆ ನಿಮಗೆ ಗೊತ್ತಿರಬಹುದು. ಈಜಿಪ್ಟಿನ ಫರೋಹನ ಹತ್ತಿರ ಇಸ್ರೇಲರು ಜೀತಕ್ಕಿದ್ದರು. ಬಿಡು ಅಂದರೆ ಅವನು ಬಿಡಲಿಲ್ಲ. ದೇವರು ಒಂದರ ಮೇಲೊಂದು ಪೀಡೆ ಕಳಿಸಿದ. ಹತ್ತನೆಯದು, ಈಜಿಪ್ಟಿನ ಪ್ರತಿ ಮನೆಯ ಚೊಚ್ಚಲ ಮಗನ ಸಾವು. ಇಸ್ರೇಲರು ಮಾತ್ರ ಕುರಿಮರಿಯ ರಕ್ತವನ್ನು ಬಾಗಿಲ ಚೌಕಟ್ಟಿಗೆ ಬಳಿದಿದ್ದರು. ಸಾವು ಆ ಗುರುತು ಕಂಡು ಮುಂದಿನ ಮನೆಗೆ ಹೋಯಿತು. ಆಮೇಲೆ ಹಗಲು ಮೋಡದ ಕಂಬವಾಗಿ, ಇರುಳು ಬೆಂಕಿಯ ಕಂಬವಾಗಿ ದೇವರು ದಾರಿ ತೋರಿಸಿದ. ಸಮುದ್ರ ಸೀಳಿತು, ನಲವತ್ತು ವರ್ಷ ಮರಳುಗಾಡಿನಲ್ಲಿ ಆಕಾಶದಿಂದ ಮನ್ನಾ ಬಿತ್ತು.

ಸಾವು ಮುಂದಿನ ಮನೆಗೆ ಹೋಯಿತು. ಈ ಮಾತು ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ.

2008ರ ಸೆಪ್ಟೆಂಬರ್ 13, ಶನಿವಾರ. ನನ್ನ ಹೆಂಡತಿ ಕರೋಲ್ ಬಾಗಿಗೆ ಹೋಗಿದ್ದಳು. ಸಂಜೆ ಆರು ದಾಟಿದ ಮೇಲೆ ಟೀವಿಯಲ್ಲಿ ಸುದ್ದಿ: ಗಫಾರ್ ಮಾರ್ಕೆಟ್ಟಿನಲ್ಲಿ ಬಾಂಬು. ಸ್ವಲ್ಪ ಹೊತ್ತಿಗೆ ಕನಾಟ್ ಪ್ಲೇಸು, ಗ್ರೇಟರ್ ಕೈಲಾಶು. ಫೋನು ಹತ್ತಲೊಲ್ಲದು. ಅವಳು ಹೋಗಬೇಕಾಗಿದ್ದದ್ದು ಗಫಾರ್ ಮಾರ್ಕೆಟ್ಟಿಗೇ. ಕಾಕಾ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು. ಒಂದು ಮಾತಿಲ್ಲ, ಸುಮ್ಮನೆ ಕೂತರು. ಒಂಬತ್ತೂವರೆಗೆ ಬಾಗಿಲು ತಟ್ಟಿದವಳು ಕೈಯಲ್ಲಿ ಚಪ್ಪಲಿ ಹಿಡಿದಿದ್ದಳು.

‘ರೀ, ಮೆಟ್ರೊ ಇಳಿದ ಕೂಡ್ಲೆ ಉಂಗುಷ್ಠ ಕಿತ್ತುಹೋತು. ಮೋಚಿ ಹತ್ರ ನಿಂತೆ. ಅವನು ಹೊಲಿತಾನೇ ಇದ್ದ, ಹೊಲಿತಾನೇ ಇದ್ದ...’

ಮುಂದೆ ಅವಳಿಗೆ ಮಾತು ಬರಲಿಲ್ಲ. ಆ ಹೊಲಿಗೆ ಮತ್ತೆ ಕಿತ್ತದ್ದು ನೋಯ್ಡಾದ ಬಸ್ಸಿನಲ್ಲಿ.

ಅವ್ವಗೆ ಫೋನು ಮಾಡಿದೆ. ‘ಗೊಡಚಿ ವೀರಭದ್ರ ಕಾಯ್ದಾನ ತಮ್ಮಾ. ಹರಕಿ ಹೊತ್ತೇನಿ, ಊರಿಗೆ ಬಂದಾಗ ತೀರಸೂಣು’ ಅಂದಳು. ಹೂಂ ಅಂದೆ. ಮರುದಿನದ ಪೇಪರಿನಲ್ಲಿ ಸತ್ತವರ ಸಂಖ್ಯೆ ಇಪ್ಪತ್ತು ಮುಟ್ಟಿತ್ತು, ಆಮೇಲೆ ದಾಟಿತು. ಅವರ ವೀರಭದ್ರರೆಲ್ಲ ಎಲ್ಲಿ ಹೋಗಿದ್ದರು ಅಂತ ಅವ್ವನನ್ನು ಕೇಳುವ ಧೈರ್ಯವಾಗಲಿಲ್ಲ.

ನವೆಂಬರಿನಲ್ಲಿ ಮುಂಬೈ ದಾಳಿಯಾಯಿತು. ನರಿಮನ್ ಹೌಸ್‌ನಲ್ಲಿದ್ದ ಯೆಹೂದಿ ಧರ್ಮಗುರುವನ್ನೂ ಅವರ ಹೆಂಡತಿಯನ್ನೂ ಅತಿಥಿಗಳನ್ನೂ ಕೊಂದರು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೋಡಿ ಬದುಕಿಸಿದವಳು ಮನೆಯ ಆಯಾ, ಸಾಂಡ್ರಾ ಸ್ಯಾಮ್ಯುಯೆಲ್. ಈ ಸಲ ನಾನು ಮೇಲೆ ಹೋಗಿ ಕಾಕಾನ ಪಕ್ಕ ಕೂತೆ. ‘ಆ ಬಾಗಿಲಿಗೂ ಮೆಝೂಝಾ ಇದ್ದೇ ಇತ್ತು’ ಅಂದರು ಕಾಕಾ. ‘ಆಯಾನ ರೂಪದಲ್ಲಿ ದೇವರು ಬಂದ ಅಂತಾರೆ. ಬಂದವನು ತಂದೆತಾಯಿಗೆ ಯಾಕೆ ಬರಲಿಲ್ಲ?’

ಅವರು ನಂಬಿಕೆ ಬಿಟ್ಟವರಲ್ಲ. ಹಡಗು ಒಡೆದು ಅಲಿಬಾಗ್ ಬಳಿಯ ನವಗಾಂವ್ ದಂಡೆಗೆ ಬಂದು ಬಿದ್ದ ಏಳು ಗಂಡಸರು, ಏಳು ಹೆಂಗಸರ ಸಂತಾನ ತಾವು ಎಂದು ಆ ಪಂಗಡದ ಐತಿಹ್ಯ. ಎಣ್ಣೆ ಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ ಅನ್ನಿಸಿಕೊಂಡು ಶತಮಾನಗಳು ಬದುಕಿದವರು. ಮುಳುಗಿದ ಉಳಿದವರ ಲೆಕ್ಕ ಮಾತ್ರ ಯಾರಿಗೂ ತಿಳಿಯದು.

2009ರ ಏಪ್ರಿಲಿನಲ್ಲಿ ಪಾಸೋವರ್ ಹಬ್ಬಕ್ಕೆ ನಮ್ಮಿಬ್ಬರನ್ನೂ ಕರೆದರು. ಅದಕ್ಕೂ ಮೊದಲು ಒಂದು ದಿನ ಹುಮಾಯೂನ್ ರಸ್ತೆಯ ಜೂಡಾ ಹಯಾಮ್ ಸಿನಗಾಗಿಗೆ ಕರೆದೊಯ್ದಿದ್ದರು. 1956ರಲ್ಲಿ ಕಟ್ಟಿದ ಪುಟ್ಟ ಕಟ್ಟಡ, ಪಕ್ಕದಲ್ಲೇ ಸ್ಮಶಾನ. ಗೇಟಿನಲ್ಲಿ ಪೊಲೀಸರು. ಕಾಯುವವನನ್ನೇ ಕಾಯುವ ಕಾಲ ಬಂತು ನೋಡಿ. (1971ರ ಢಾಕಾ ಶರಣಾಗತಿಯಲ್ಲಿ ದೊಡ್ಡ ಪಾತ್ರ ವಹಿಸಿದ ಜನರಲ್ ಜೇಕಬ್ ಅವರನ್ನು 2016ರಲ್ಲಿ ಮಣ್ಣು ಮಾಡಿದ್ದು ಇಲ್ಲೇ.)

ಹಬ್ಬದೂಟದಲ್ಲಿ ಹುಳಿ ಬರಿಸದ ರೊಟ್ಟಿ. ಅವಸರದಲ್ಲಿ ಈಜಿಪ್ಟ್ ಬಿಟ್ಟವರಿಗೆ ಹಿಟ್ಟು ಹುಳಿ ಬರುವಷ್ಟು ಪುರಸತ್ತಿರಲಿಲ್ಲ. ನಮ್ಮ ಜೋಳದ ರೊಟ್ಟಿಯೂ ಹುಳಿ ಇಲ್ಲದ್ದೇ ಎಂದು ನನ್ನವಳು ಹೆಮ್ಮೆಯಿಂದ ಹೇಳಿದಳು. ಕಹಿ ಸೊಪ್ಪು, ಖರ್ಜೂರದ ಪಾಕ, ವೈನಿನ ಬದಲು ಒಣದ್ರಾಕ್ಷಿ ನೆನೆಸಿ ತೆಗೆದ ಶರಬತ್ತು. ಕಾಕಾ ಓದುತ್ತ ಹತ್ತು ಪೀಡೆಗಳ ಹೆಸರು ಬಂದಾಗ ಎಲ್ಲರೂ ಬೆರಳದ್ದಿ ಒಂದೊಂದಕ್ಕೆ ಒಂದೊಂದು ಹನಿ ತಟ್ಟೆಗೆ ಚೆಲ್ಲಿದರು. ನಾವೂ ಚೆಲ್ಲಿದೆವು. ಯಾಕೆ ಅಂತ ಕೇಳಿದೆ.

‘ನಾವು ಉಳಿಯೋದಕ್ಕೆ ಅವರ ಮಕ್ಕಳು ಸತ್ತರಲ್ಲ. ಬಟ್ಟಲು ತುಂಬಿಸಿ ಕುಡಿಯಬಾರದು’ ಅಂದರು. ಸಮುದ್ರದಲ್ಲಿ ಫರೋಹನ ಸೈನ್ಯ ಮುಳುಗುವಾಗ ದೇವದೂತರು ಹಾಡಲು ಹೊರಟರಂತೆ. ಅವರೂ ನಾನು ಮಾಡಿದ ಜೀವಗಳೇ, ಸಾಯುವಾಗ ಹಾಡುತ್ತೀರಾ ಎಂದು ದೇವರು ತಡೆದನಂತೆ. ಹಳೆಯ ರಬ್ಬಿಗಳು ಹೇಳಿದ ಕಥೆ. ನನ್ನ ಹೆಂಡತಿ ತನ್ನ ತಟ್ಟೆಯ ಹನಿಗಳನ್ನೇ ನೋಡುತ್ತಿದ್ದಳು. ಯಾರೂ ನೋಡದಾಗ ಇನ್ನೊಂದು ಹನಿ ಚೆಲ್ಲಿದಳು. ನಾನು ನೋಡಿದೆ.

ರಜೆಯಲ್ಲಿ ಊರಿಗೆ ಹೋದಾಗ ಅವ್ವಗೆ ಇದನ್ನೆಲ್ಲ ಹೇಳಿದೆ. ಕುರಿ, ರಕ್ತ, ಹನಿ, ಎಲ್ಲವನ್ನೂ ಅಕ್ಕಿ ಆರಿಸುತ್ತ ಕೇಳಿದಳು. ಏನೂ ಅನ್ನಲಿಲ್ಲ. ಮರುದಿನ ಗೊಡಚಿಯಲ್ಲಿ ಹಣ್ಣುಕಾಯಿ ಅಂಗಡಿಯ ಮುಂದೆ ಎರಡು ಕಾಯಿ ಕೇಳಿದಳು.

‘ಒಂದ ಅಲ್ಲೇನ ಹರಕಿ?’ ಅಂದೆ.

‘ಒಂದು ನಿನ್ನ ಹೇಣ್ತಿದು. ಇನ್ನೊಂದು ಆ ದಿಲ್ಲ್ಯಾಗ ಹ್ವಾದವರದು’ ಅಂದು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದಳು.